ಸಂತೆಗೆ ಬಂದ ಬಲೆ

ಗುಂಡ್ಲುಪೇಟೆ ಸಂತೆಯಲ್ಲಿ ನಮ್ಮಮ್ಮ ಒಣಮೀನು ಮಾರುತ್ತಿದ್ದಳು. ಅದನ್ನು ತರುತ್ತಿದ್ದವರು ಕಲ್ಲಿಕೋಟೆ ಕಡೆಯ ಒಬ್ಬ ವ್ಯಾಪಾರಿ. ಸಂತೆಯವರೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದರು. ಅವರ ತಮ್ಮ ಸಣ್ಣ ದೋಣಿಯಲ್ಲಿ ಹಿಡಿದ ಮತ್ತಿ ಮೀನನ್ನು ಮನೆಯವರೇ ಮರಳಿನ ಮೇಲೆ ಒಣಗಿಸುತ್ತಿದ್ದರಂತೆ. ಕಾಕಾ ಬುಟ್ಟಿಗಳನ್ನು ಬಸ್ಸಿನ ಮೇಲೆ ಹಾಕಿಸಿ ವೈನಾಡಿನ ಘಾಟಿ ಹತ್ತಿ ಬರುತ್ತಿದ್ದರು.

ಅಮ್ಮನ ಹತ್ತಿರ ತಕ್ಕಡಿಯಿರಲಿಲ್ಲ. ಹಿಡಿಯ ಲೆಕ್ಕದಲ್ಲಿ ಮಾರುತ್ತಿದ್ದಳು. ನನಗೆ ಎಣಿಸುವ ಚಟ. ಒಂದು ಹಿಡಿಗೆ ಹತ್ತೋ ಹನ್ನೊಂದೋ ಮೀನು ಎಂದು ಪ್ರತಿ ಸಂತೆಯ ತಾರೀಖಿನ ಎದುರು ಬರೆದಿಡುತ್ತಿದ್ದೆ. ಎಪ್ಪತ್ತರ ದಶಕ ಮುಗಿಯುತ್ತ ಬಂದಂತೆ ಅದು ಹದಿನೈದಾಯಿತು, ಮರುವರ್ಷ ಇಪ್ಪತ್ತು ದಾಟಿತು. ಗಿರಾಕಿಗಳಿಗೆ ಖುಷಿಯೋ ಖುಷಿ. ಅಷ್ಟೇ ಕಾಸಿಗೆ ಹೆಚ್ಚು ಮೀನು ಸಿಗುತ್ತದೆಂದು ನೆರೆಯವರನ್ನೂ ಕರೆತಂದರು.

ಅಮ್ಮ ಒಂದು ಮೀನನ್ನು ಅಂಗೈಯಲ್ಲಿಟ್ಟು ನೋಡಿದಳು. "ಇವು ಮರಿ ಕಣಮ್ಮಿ. ಬೆಳೆಯಕ್ಕೇ ಬುಟ್ಟಿಲ್ಲ."

ಕಾಕಾನನ್ನು ಕೇಳಿದಾಗ ಅವರು ಯಂತ್ರದ ದೋಣಿಗಳ ಮಾತೆತ್ತಿದರು. ಅವುಗಳ ಬಲೆಯ ಕಣ್ಣಿನಲ್ಲಿ ಕಿರುಬೆರಳೂ ತೂರುವುದಿಲ್ಲವಂತೆ. ದಡದ ಹತ್ತಿರದ್ದನ್ನೆಲ್ಲ ಬಾಚಿಕೊಂಡು ಹೋಗುವುದರಿಂದ ತಮ್ಮನು ದಡ ಕಾಣದಷ್ಟು ದೂರ ಹೋಗಬೇಕು, ಹೆಚ್ಚಿನ ದಿನ ಬರಿಗೈಯಲ್ಲಿ ಬರುತ್ತಾನೆ ಎಂದರು. ಈ ಮರಿಗಳು ದೊಡ್ಡ ದೋಣಿಯವರು ಬೇಡವೆಂದು ಸುರಿದಂಥವಂತೆ; ಅವನ್ನೇ ಆಯ್ದು ಒಣಗಿಸುತ್ತಿದ್ದರಂತೆ.

ಆಮೇಲೆ ಇಲ್ಲಿ ಗಾಳಿ ಜೋರಾದರೂ ಅಮ್ಮ ಪಡುವಣ ದಿಕ್ಕು ನೋಡುವಳು. ಸಮುದ್ರವನ್ನು ಅವಳು ಕಂಡವಳೇ ಅಲ್ಲ.

ಎರಡು ಸಂತೆ ಕಾಕಾ ಬರಲಿಲ್ಲ. ಚಾಮರಾಜನಗರದಲ್ಲಿ ನಮ್ಮಿಂದ ಮೀನು ಕೊಳ್ಳುತ್ತಿದ್ದವರಿಗೆ ಅಮ್ಮ ಇಲ್ಲವೆಂದು ಹೇಳಿಕಳಿಸಿದಳು. ಮೂರನೆಯ ಸಂತೆಗೆ ಕಾಕಾ ಬಂದರು. ಬಸ್ಸಿನ ಮೇಲಿಂದ ಇಳಿದದ್ದು ಒಂದೇ ಗಂಟು. ಬಿಚ್ಚಿದರೆ ಬಲೆ.

"ಏನ್ ಕಾಕಾ, ನಮ್ಮೂರ ಯಾವ್ ಕೆರೇಲಿ ಬೀಸನ ಅಂತ ತಂದೆ?" ಎಂದು ಅಮ್ಮ ನಗಲು ನೋಡಿದಳು.

"ತಮ್ಮ ಚೆನ್ನಾಗಿದ್ದಾನೆ ಅಕ್ಕಾ," ಎಂದರು ಕಾಕಾ, ಅವಳು ಬಾಯಿಬಿಟ್ಟು ಕೇಳದ ಪ್ರಶ್ನೆಗೆ. "ದೋಣಿ ಮಾರಿದ. ಈಗ ಯಂತ್ರದ ದೋಣೀಲಿ ಕೂಲಿ. ಇದನ್ನ ಅಲ್ಲಿ ಯಾರೂ ಕೇಳಲ್ಲ. ಇಲ್ಲಿ ಹೊಲಕ್ಕೆ ಕಾಡುಹಂದಿ ಬರುತ್ತಲ್ಲ, ಸುತ್ತ ಕಟ್ಟಬಹುದು."

ಬಂಡೀಪುರದ ಕಡೆಯ ರೈತರು ಬಲೆಯನ್ನು ತುಂಡುತುಂಡಾಗಿ ಕೊಂಡರು. ಅಮ್ಮನೂ ಒಂದು ತುಂಡು ತಂದು ಹಿತ್ತಲ ಮೆಣಸಿನ ಪಾತಿಗೆ ಕಟ್ಟಿದಳು. ಸಂಜೆ ನೋಡಿದರೆ ನಮ್ಮ ಹಸು ಗಿಡ ಮುಟ್ಟದೆ, ಉಪ್ಪಿನಾಸೆಗೆ ಬಲೆಯನ್ನೇ ನೆಕ್ಕುತ್ತ ನಿಂತಿತ್ತು. ಅಮ್ಮ ಅದನ್ನು ಓಡಿಸಲಿಲ್ಲ.

ಮುಂದಿನ ಸಂತೆಗೂ ಅವಳು ಖಾಲಿ ಬುಟ್ಟಿ ಹಿಡಿದು ಬಸ್ಸು ಬರುವ ಹೊತ್ತಿಗೆ ಹೋಗಿ ನಿಂತಳು.