ಮಣ್ಣಿನ ಸುದ್ದಿಗೆ ಓದುಗರಿಲ್ಲವಂತೆ

ಕಮಲಾಪುರದಲ್ಲಿ ಯಾರಾದರೂ ತೀರಿಕೊಂಡರೆ ಈಗ ಯಾರೂ ಊರೂರಿಗೆ ಫೋನ್ ಹಚ್ಚುತ್ತ ಕೂರುವುದಿಲ್ಲ. ಮನೆಯವರು ನಮ್ಮ ಎದುರು ಮನೆಯ ಸಂಘಮಿತ್ರಾಗೆ ಹೇಳುತ್ತಾರೆ. ಅವಳು ತನ್ನ ವೆಬ್‌ಸೈಟಿನಲ್ಲಿ ಸತ್ತವರ ಹೆಸರು, ಫೋಟೋ, ಮಣ್ಣು, ಅಂದರೆ ಅಂತ್ಯಕ್ರಿಯೆ, ಎಷ್ಟು ಹೊತ್ತಿಗೆ, ಎಲ್ಲಿ ಎಂದು ಹಾಕುತ್ತಾಳೆ. ಒಬ್ಬರು ತೆರೆದು, ಸ್ಕ್ರೀನ್‌ಶಾಟ್ ಹೊಡೆದು, ಬೀಗರ ಗ್ರೂಪಿಗೆ ತಳ್ಳಿದರೆ ಮುಗಿಯಿತು. ಬಾಳೆಯ ದರ, ಕರೆಂಟು ಹೋಗುವ ಹೊತ್ತು ಕೂಡ ಹಾಕುತ್ತಾಳೆ. ಆದರೆ ಅವಳ ಹೆಸರು ನಿಂತದ್ದು ಮಣ್ಣಿನ ಸುದ್ದಿಯಿಂದಲೇ.

ಪುಕ್ಕಟೆ ಕೆಲಸ ಎಷ್ಟು ದಿನ? ಜಾಹೀರಾತು ಸಿಗದಿದ್ದರೆ ಸೈಟು ಮುಚ್ಚುವುದೇ ಎಂದು ಅವಳ ಗಂಡ ಗೌತಮ ಕೈಚೆಲ್ಲಿದ್ದ. ಹೀಗಾಗಿ ಅವಳು ಕಲಬುರಗಿಯ ಖೂಬಾ ಪ್ಲಾಟಿನಲ್ಲಿ ಜಾಹೀರಾತು ಏಜೆನ್ಸಿ ನಡೆಸುವ ವೆಂಕಟೇಶನನ್ನು ಕಾಣಲು ಹೊರಟಳು. ಜೊತೆಗೆ ನಾನೂ ಹೋದೆ.

ವೆಂಕಟೇಶ ಅವಳ ಸೈಟಿಗೆ ಬರುವವರ ಲೆಕ್ಕ ನೋಡಲೇ ಇಲ್ಲ. ಯಾವ ಸೈಟಿಗೆ ಎಷ್ಟು ಓದುಗರೆಂದು ಹೇಳುವ ಯಾವುದೋ ದೂರದ ಕಂಪನಿಯ ಪುಟ ತೆರೆದು ಅವಳ ಸೈಟಿನ ಹೆಸರು ಹೊಡೆದ.

"ಓದೋರೇ ಇಲ್ಲಂತ ಬರ್ತದಲ್ರೀ."

"ನನ್ನ ಸೈಟಿಗೆ ದಿನಾ ಸಾವಿರಾರು ಮಂದಿ ಬರ್ತಾರ್ರೀ, ಇಲ್ಲಿ ನೋಡ್ರಿ."

"ಅದು ನಿಮ್ಮ ಲೆಕ್ಕ. ಮೂರನೇಯವ್ರು ಹೇಳಿದ್ರ ನಂಬಬೇಕು."

"ಆ ಮೂರನೇಯವ್ರು ನನ್ನ ಸೈಟಿನ ಒಳಗ ಇಣುಕಿ ನೋಡೇ ಇಲ್ರೀ. ಎಲ್ಲೋ ಒಂದಿಷ್ಟು ಮಂದಿ ಕಂಪ್ಯೂಟರ್‌ನಾಗ ಏನ್ ನೋಡ್ತಾರಂತ ತಿಳಕೊಂಡು ಉಳಿದದ್ದು ಅಂದಾಜು ಹಾಕ್ತಾರ. ಆ ಮಂದ್ಯಾಗ ನಮ್ಮೂರವ್ರು ಯಾರದಾರ?"

"ಬಂದವರೂ ನಿಲ್ಲೋದಿಲ್ಲ, ಕೂಡಲೇ ಹೋಗ್ತಾರಂತ ತೋರಸ್ತದ. ಸೈಟಿನಾಗ ಸತ್ವ ಇಲ್ಲಂತ ಅರ್ಥ."

"ಮಣ್ಣಿಗೆ ಹೊಂಟವ್ರು ಅಲ್ಲೇ ಕುಂತು ಏನ್ ಓದಬೇಕ್ರೀ?"

ವೆಂಕಟೇಶ ಅದೇ ಪುಟದ ಪಟ್ಟಿಯನ್ನು ಮೇಲಕ್ಕೆ ಸರಿಸಿದ. ಸಿನಿಮಾದವರ ಮುರಿದ ಲಗ್ನಗಳನ್ನೇ ಅಗಿಯುವ ಸೈಟೊಂದನ್ನು ಆ ಕಂಪನಿ ಮೇಲಕ್ಕೇರಿಸಿತ್ತು, ಜಾಹೀರಾತು ಅದಕ್ಕೆ ಹೋಯಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಜನ. ಅವನು ಕೊಟ್ಟ ಚಹಾ ಅಲ್ಲೇ ಬಿಟ್ಟು ಎದ್ದೆ.

ಕೆಲವು ದಿನಕ್ಕೆ ನಮ್ಮೂರಿನ ಪಾರ್ವತೀಬಾಯಿ ತೀರಿಕೊಂಡರು. ಅವರು ವೆಂಕಟೇಶನಿಗೆ ದೂರದ ಅತ್ತೆಯಾಗಬೇಕೆಂದು ನನಗೆ ತಿಳಿದದ್ದು ಸ್ಮಶಾನದಲ್ಲಿ. ಸರಿಯಾದ ಹೊತ್ತಿಗೆ ಬಂದು ನಿಂತಿದ್ದ.

"ಹೆಂಗ ಗೊತ್ತಾತ್ರೀ?" ಎಂದೆ.

ಮೊಬೈಲ್ ತೋರಿಸಿದ. ಸಂಘಮಿತ್ರಾ ಹಾಕಿದ್ದ ಸುದ್ದಿಯೇ. ಮೇಲಿದ್ದ ಅವಳ ಸೈಟಿನ ಹೆಸರನ್ನು ಮಾತ್ರ ಯಾರೋ ಕತ್ತರಿಸಿದ್ದರು.

"ನಮ್ಮ ಮಂದಿ ಗ್ರೂಪಿನಾಗ ಬಂತ್ರೀ."

"ಇದು ಅವತ್ತು ನೀವು ಓದೋರಿಲ್ಲಂದ್ರಲ್ಲ, ಅದೇ ಸೈಟಿಂದು. ಈಗ ನೀವೂ ಒಬ್ರು ಆದ್ರಲ್ಲ?"

ಅವನ ಮುಖ ಒಂದು ಗಳಿಗೆ ಬಾಡಿತು. ಆಮೇಲೆ, "ಅದು ಬ್ಯಾರೆ, ಇದು ಬ್ಯಾರೆ ಬಿಡ್ರಿ. ಜಾಹೀರಾತು ಕೊಡೋ ಪಾರ್ಟಿಯವ್ರು ಆ ಕಂಪನಿ ನಂಬರ್ ಕೇಳ್ತಾರ" ಎಂದು ಮೊಬೈಲ್ ಜೇಬಿಗಿಳಿಸಿದ. ಚಿತೆಯ ಮುಂದೆ ಉಗುಳಬಾರದೆಂದು ನುಂಗಿಕೊಂಡೆ.

ತಿಂಗಳ ಕೊನೆಗೆ ಸಂಘಮಿತ್ರಾ ಸೈಟು ಮುಚ್ಚಿದಳು. ಮುಚ್ಚುತ್ತೇನೆಂದು ಹಾಕಿಯೂ ಇದ್ದಳು. ಆದರೆ ಸ್ಕ್ರೀನ್‌ಶಾಟ್ ನೋಡುವವರಿಗೆ ಅದು ಹೇಗೆ ಮುಟ್ಟೀತು?

ಮೊನ್ನೆ ನಮ್ಮ ಓಣಿಯ ಮಲ್ಲಣ್ಣ ಸತ್ತ. ಬಹಳ ದಿನದಿಂದ ಹಾಸಿಗೆ ಹಿಡಿದಿದ್ದ. ಮನೆಯವರು ಅಳುವ ಗದ್ದಲದಲ್ಲಿದ್ದರು. ಸುದ್ದಿ ಗ್ರೂಪಿಗೆ ಹೋಗಿರಬೇಕೆಂದು ಒಬ್ಬರ ಮೇಲೊಬ್ಬರು ಹಾಕಿ ಸುಮ್ಮನಾದರು. ಫೋನ್ ಮಾಡುವ ರೂಢಿಯೇ ನಮಗೆ ತಪ್ಪಿತ್ತು. ಮಧ್ಯಾಹ್ನ ಮಣ್ಣಾಯಿತು.

ಸಂಜೆಯ ಬಸ್ಸಿಗೆ ಕಲಬುರಗಿಯ ಶಹಾಬಜಾರದಿಂದ ಅವನ ತಂಗಿ ಲಲಿತಾಬಾಯಿ ಬಂದಿಳಿದಳು, ಅಣ್ಣನ ಆರೋಗ್ಯ ವಿಚಾರಿಸಲು. ಕೈಯಲ್ಲಿ ಮೋಸಂಬಿಯ ಚೀಲ. ಬಾಗಿಲಲ್ಲಿ ನೆರೆದ ಮಂದಿಯನ್ನು ಕಂಡು ಅಲ್ಲೇ ಕುಸಿದು ಕೂತಳು. ಸಂಘಮಿತ್ರಾ ಓಡಿ ಬಂದು ಹಿಡಿದುಕೊಂಡಳು.

"ಮುಂಜಾನಿಂದ ಮೊಬೈಲ್‌ನಾಗ ಗ್ರೂಪ್ ನೋಡಾಕತ್ತೀನವ್ವಾ. ನೀ ಏನೂ ಹಾಕಿರಲಿಲ್ಲ. ಅದಕ್ಕ ನಮ್ಮಣ್ಣ ಆರಾಮದಾನ ಅಂದ್ಕೊಂಡೆ."

ಸಂಘಮಿತ್ರಾ ಅವಳ ಪಕ್ಕದಲ್ಲೇ ನೆಲಕ್ಕೆ ಕೂತಳು. ಚೀಲದಿಂದ ಉರುಳಿದ ಮೋಸಂಬಿಗಳನ್ನು ಒಂದೊಂದಾಗಿ ಹೆಕ್ಕುತ್ತ ಅಳತೊಡಗಿದಳು.