ಏನನ್ನೂ ತಿರುಗಿಸದ ಚಕ್ರಗಳು

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ಬಾಯ್ಲರ್ ನೋಡಿಕೊಂಡಿದ್ದವರನ್ನು ಎಲ್ಲರೂ ಬಾಯ್ಲರ್ ಮಾವ ಎಂದೇ ಕರೆಯುತ್ತಿದ್ದರು. ನಿವೃತ್ತರಾದ ಮೇಲೂ ಆ ಹೆಸರು ಅವರನ್ನು ಬಿಡಲಿಲ್ಲ, ಅವರೂ ಬಾಯ್ಲರನ್ನು ಬಿಡಲಿಲ್ಲ. ಬಚ್ಚಲಿನ ಕೊಳವೆಗೆ ಕಿವಿಯಿಟ್ಟು ನಿಲ್ಲುವರು. ಒಲೆಯ ಮೇಲೆ ಕುಕ್ಕರ್ ಇದ್ದರಂತೂ ಅಡುಗೆಮನೆ ಬಾಗಿಲಲ್ಲಿ ಕೈಕಟ್ಟಿ ಕಾವಲು.

"ಸೀಟಿ ಎರಡು ನಿಮಿಷ ತಡ ಆಯ್ತು ಕಣೇ, ವಾಲ್ವ್ ಕಟ್ಟಿಕೊಂಡಿದೆ."

"ರೀ, ಒಳಗಿರೋದು ಆಲೂಗಡ್ಡೆ. ಅದಕ್ಕೇನೂ ಡ್ಯೂಟಿಗೆ ಹೊತ್ತಾಗಿಲ್ಲ. ನೀವು ಆಚೆ ಹೋಗಿ," ಎಂದು ಹೆಂಡತಿ ಅಟ್ಟುತ್ತಿದ್ದರು.

ಹಾಗೆ ಅಟ್ಟಿಸಿಕೊಂಡು ಬಂದ ಒಂದು ಸಂಜೆ ಅವರು ಸೊಸೆಯ ಮೇಜಿನ ಮುಂದೆ ನಿಂತರು. ಸೊಸೆ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಮನೆಗೆ ಬಂದವಳೇ ಊಟದ ಮೇಜಿನ ಮೇಲೆ ಹಳೆ ಪೇಪರು ಹಾಸಿ, ಕೆಟ್ಟ ಗಡಿಯಾರಗಳ ಕರುಳನ್ನೆಲ್ಲ ಹರಡಿ, ಹಿತ್ತಾಳೆ ಗುಂಡಿ, ಚರ್ಮದ ಚೂರು, ಗಿರಾಕಿಗಳು ಬಿಸಾಡಿದ ಕನ್ನಡಕದ ಫ್ರೇಮು ಸೇರಿಸಿ ಟೋಪಿ, ಬಟ್ಟೆಗೆ ಚುಚ್ಚಿಕೊಳ್ಳುವ ಬ್ರೋಚು, ದಪ್ಪ ಗಾಜಿನ ಗಾಗಲ್ಲು ಮಾಡುತ್ತಿದ್ದಳು.

"ಇದಕ್ಕೆ ಸ್ಟೀಮ್‌ಪಂಕ್ ಅಂತಾರೆ ಮಾವ. ಕರೆಂಟು, ಕಂಪ್ಯೂಟರು ಏನೂ ಬರದೆ ಲೋಕ ಎಲ್ಲಾ ಹಬೆಯಲ್ಲೇ ನಡೀತಾ ಇದ್ದಿದ್ರೆ ಹೇಗಿರ್ತಿತ್ತು ಅಂತ ಊಹಿಸಿಕೊಂಡು ಮಾಡೋದು."

ಹಬೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಮಾವ ಕುರ್ಚಿ ಎಳೆದು ಕೂತರು. ಟೋಪಿಯ ಮೇಲಿನ ಚಕ್ರವೊಂದನ್ನು ಬೆರಳಲ್ಲಿ ತಳ್ಳಿದರು. ಅಲುಗಲಿಲ್ಲ.

"ಇದು ಏನನ್ನ ತಿರುಗಿಸುತ್ತಮ್ಮಾ?"

"ಏನೂ ಇಲ್ಲ ಮಾವ. ಅಂಟಿಸಿದ್ದೀನಿ."

"ಮತ್ತೆ ಯಾಕಿದೆ?"

"ಚೆಂದ ಕಾಣ್ಲಿ ಅಂತ."

ಪಕ್ಕದಲ್ಲಿ ಅವಳೇ ಮಾಡಿದ ದೀಪದ ಬುಡದಲ್ಲಿ ಒತ್ತಡ ತೋರಿಸುವ ಗುಂಡನೆಯ ಮೀಟರೊಂದು ಕೂತಿತ್ತು. ಅದರ ಮುಳ್ಳು ಕೆಂಪು ಗೆರೆ ದಾಟಿ ನಿಂತಿತ್ತು. ಅದನ್ನು ನೋಡಿ ಅವರು ಕುರ್ಚಿ ಬಿಟ್ಟು ಎದ್ದರು. ಅಂಥ ಮುಳ್ಳು ಕೆಂಪಿಗೆ ಹೋಗದಿರಲೆಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅರ್ಧ ಆಯಸ್ಸು ಕಳೆದವರು ಅವರು.

"ಮುಳ್ಳು ಕೆಂಪಲ್ಲಿದೆ, ನೀನು ನಗ್ತಾ ಕೂತಿದೀಯಲ್ಲಮ್ಮಾ!"

"ಅದರೊಳಗೆ ಏನೂ ಇಲ್ಲ ಮಾವ."

"ಇಲ್ಲದಿದ್ರೂ."

ಮರುದಿನ ಸೊಸೆ ಅಂಗಡಿಗೆ ಹೋದ ಮೇಲೆ ಮಾವ ಗಾಜು ಬಿಚ್ಚಿ ಮುಳ್ಳನ್ನು ಕೆಳಗಿಳಿಸಿ ಇಟ್ಟರು. ಆಮೇಲೆ ನೆಮ್ಮದಿಯಾಗಿ ಊಟ ಸೇರಿತು.

ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಊರ ಗ್ರಂಥಾಲಯದ ಹಾಲಿನಲ್ಲಿ ಕೈಕಸುಬಿನ ಪ್ರದರ್ಶನವಿದೆ, ಸೊಸೆಗೊಂದು ಮೇಜು ಸಿಕ್ಕಿದೆ ಎಂದು ಗೊತ್ತಾದಾಗ ಮಾವನ ಕೈ ಸುಮ್ಮನಿರಲಿಲ್ಲ. ತಲೆಯ ಮೇಲೆ ಬೆಂಕಿ ಬೇಡ ಎನ್ನುವಷ್ಟು ವಿವೇಕ ಅವರಿಗಿತ್ತು. ಹಾಗಾಗಿ ಹಬೆಯನ್ನು ಬಿಟ್ಟು, ಕಿವಿಯ ಪಕ್ಕದ ಕೀಲಿ ತಿರುಗಿಸಿದರೆ ಏಳು ಚಕ್ರ ತಿರುಗಿ, ಒಂದು ಪುಟ್ಟ ತಿದಿ ಉಬ್ಬಿ, ತುದಿಯಲ್ಲಿ ಸೀಟಿ ಕೂಗುವ ಟೋಪಿ ಮಾಡಿದರು. ಬಚ್ಚಲಲ್ಲಿ ನಿಂತು ಮೂರು ಸಲ ಪರೀಕ್ಷೆ ಮಾಡಿ, "ಪರೀಕ್ಷಿಸಲಾಗಿದೆ" ಎಂದು ಚೀಟಿ ಕಟ್ಟಿದರು. ತೂಕ ಎರಡೂವರೆ ಕಿಲೋ.

"ಇದನ್ನ ಹಾಕ್ಕೊಳೋರಿಗೆ ಕತ್ತು ನೀವೇ ಕೊಡ್ತೀರಾ?" ಎಂದರು ಹೆಂಡತಿ. ಸೊಸೆ ಮಾತ್ರ ಟೋಪಿಯನ್ನು ಮೇಜಿನ ನಡುವೆ ಇಟ್ಟಳು.

ಪ್ರದರ್ಶನದ ದಿನ ಉದ್ದ ಕೂದಲಿನ ಹೆಂಗಸೊಬ್ಬರು ನೇರವಾಗಿ ಅದಕ್ಕೇ ಕೈಹಾಕಿದರು. ಇಟ್ಟುಕೊಂಡ ಕೂಡಲೇ ಅವರ ಕತ್ತು ಆಮೆಯ ಹಾಗೆ ಒಳಗೆ ಹೋಯಿತು. "ಕೀಲಿ ತಿರುಗಿಸಿ, ಕೀಲಿ ತಿರುಗಿಸಿ," ಎಂದು ಮಾವ ಹುರಿದುಂಬಿಸಿದರು. ಆಕೆ ತಿರುಗಿಸಿದರು. ಏಳೂ ಚಕ್ರ ಸೊಗಸಾಗಿ ತಿರುಗಿದವು. ಸೀಟಿ ಹೇಗೆ ಕೂಗಿತೆಂದರೆ ಪಕ್ಕದ ಕೋಣೆಯಿಂದ ಗ್ರಂಥಪಾಲಕರು ತುಟಿಯ ಮೇಲೆ ಬೆರಳಿಟ್ಟುಕೊಂಡು ಓಡಿ ಬಂದರು. ಅಷ್ಟರಲ್ಲಿ ಆಕೆಯ ಕೂದಲು ಮೂರನೇ ಚಕ್ರಕ್ಕೆ ಸಿಕ್ಕಿ, ನಾಲ್ಕನೆಯದಕ್ಕೆ ಸುತ್ತಿಕೊಂಡಿತ್ತು.

ಸೊಸೆ ಕನ್ನಡಕದ ಸ್ಕ್ರೂಡ್ರೈವರ್ ಹಿಡಿದು, ಒಂದೊಂದೇ ಚಕ್ರ ಬಿಚ್ಚಿ ಕೂದಲು ಬಿಡಿಸಲು ಕಾಲು ಗಂಟೆ ಬೇಕಾಯಿತು. ಮಾವ ಕ್ಷಮೆ ಕೇಳುತ್ತಲೇ ಇದ್ದರು. ಬಿಡುಗಡೆಯಾದ ಹೆಂಗಸು ತಲೆ ಸವರಿಕೊಂಡು ಒಂದು ಬ್ರೋಚು ಕೈಗೆತ್ತಿಕೊಂಡರು.

"ಇದು ತಿರುಗೋದಿಲ್ಲ ತಾನೆ?"

"ಖಂಡಿತ ಇಲ್ಲ ಮೇಡಂ," ಎಂದಳು ಸೊಸೆ.

"ಹಾಗಾದ್ರೆ ಎರಡು ಕೊಡಿ."

ಮಾವ ಹಿಂದಿನ ರಟ್ಟಿನ ಪೆಟ್ಟಿಗೆಯ ಮೇಲೆ ಮುಖ ಸಣ್ಣದು ಮಾಡಿಕೊಂಡು ಕೂತರು. ಭೂಮಿ ಬಾಯಿ ಬಿಡಬಾರದೇ ಎನ್ನಿಸುತ್ತಿತ್ತು. ಕೆಲಸದಲ್ಲಿದ್ದಷ್ಟು ದಿನ ಅವರ ಕೈಯಿಂದ ಯಾರಿಗೂ ಒಂದು ಬೊಬ್ಬೆ ಎದ್ದದ್ದಿಲ್ಲ. ಸೊಸೆ ಬಂದು ನೀರಿನ ಬಾಟಲಿ ಕೊಟ್ಟಳು.

"ಸೀಟಿ ಮಾತ್ರ ಜೋರಾಗಿತ್ತು ಮಾವ."

ಮಾವ ನಗು ತಡೆಯಲು ನೋಡಿದರು. ಆಗಲಿಲ್ಲ.

ಅದೇ ಹೊತ್ತಿಗೆ ಟೈ ಕಟ್ಟಿದ ಒಬ್ಬರು ಬಂದು, ಬ್ರೋಚುಗಳನ್ನು ಒಂದೊಂದಾಗಿ ಎತ್ತಿ ನೋಡಿ, ಮೂಗು ಮುರಿದರು. "ಎಲ್ಲಾ ಬರೀ ಅಂಟಿಸಿರೋದು. ಒಂದೂ ಕೆಲಸ ಮಾಡಲ್ಲ. ಏನು ಪ್ರಯೋಜನ?"

ಮಾತು ಹೆಚ್ಚುಕಡಿಮೆ ಮಾವನದೇ. ಆದರೆ ಇನ್ನೊಬ್ಬರ ಬಾಯಿಂದ ಬಂದಾಗ ಅದು ಯಾಕೋ ಸೊಸೆಯನ್ನು ಬೈದ ಹಾಗೆ ಕೇಳಿಸಿತು. ಅವರು ಎದ್ದು ಮುಂದೆ ಬಂದರು.

"ಸಾರ್, ನಿಮ್ಮ ಕೊರಳಲ್ಲಿ ನೇತಾಡ್ತಿದೆಯಲ್ಲ ಟೈ, ಅದು ಏನನ್ನ ತಿರುಗಿಸುತ್ತೆ?"

ಆತ ಟೈ ಮುಟ್ಟಿ ನೋಡಿಕೊಂಡು ಮುಂದಿನ ಮೇಜಿಗೆ ಹೋದರು. ಸೊಸೆ ಪ್ಯಾಕ್ ಮಾಡುವ ನೆಪದಲ್ಲಿ ಮೇಜಿನ ಕೆಳಗೆ ಬಗ್ಗಿ ಬಹಳ ಹೊತ್ತು ಮೇಲೇಳಲಿಲ್ಲ. ಅವಳ ಭುಜಗಳು ಮಾತ್ರ ಕುಲುಕುತ್ತಿದ್ದವು.

ಮುಂದಿನ ವಾರದಿಂದ ಊಟದ ಮೇಜಿಗೆ ಎರಡು ಕುರ್ಚಿ ಬಿತ್ತು. ಮಾವ ಹಿತ್ತಾಳೆ ತಿಕ್ಕುವುದು, ಸೊಸೆ ಅಂಟಿಸುವುದು. ಜಗಳವಿಲ್ಲವೆಂದಲ್ಲ. ಚಕ್ರ ತಿರುಗದಿದ್ದರೆ ಹೋಗಲಿ, ಹಲ್ಲಿಗೆ ಹಲ್ಲಾದರೂ ಕೂಡಿರಬೇಕು ಎಂದು ಮಾವ ಪಟ್ಟು ಹಿಡಿದರು. ಸೊಸೆ ಮೂರು ದಿನ ವಾದಿಸಿ ಒಪ್ಪಿದಳು.

ತಾವೇ ಮಾಡಿದ ಮೊದಲ ಬ್ರೋಚನ್ನು ಮಾವ ಹೆಂಡತಿಗೆ ಕೊಟ್ಟರು. ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಹಿಂದೆ ಮುಂದೆ ನೋಡಿದರು.

"ಇದೂ ಸುಮ್ಮನೆ ಕೂತಿರೋ ಚಕ್ರವೇ?"

"ಹ್ಞೂಂ ಕಣೇ."

"ಅಂಥದ್ದು ಮನೇಲಿ ಆಗ್ಲೇ ಒಂದಿತ್ತಲ್ಲ," ಎಂದು ಹೇಳಿ, ಸೆರಗಿಗೆ ಚುಚ್ಚಿಕೊಂಡು, ಪಕ್ಕದ ಮನೆಯವರಿಗೆ ತೋರಿಸಲು ಹೊರಟೇಬಿಟ್ಟರು.