ಸೋಮಿ ಕಲಿತ ಕರುಳಿನ ಪಾಠ

ಅಮ್ಮತ್ತಿ ಬಳಿ ಬಿಳಿ ದೊರೆಯೊಬ್ಬನ ಕಾಫಿ ತೋಟದ ಆಸ್ಪತ್ರೆಯಲ್ಲಿ ಕಸ ಗುಡಿಸುತ್ತಿದ್ದ ಸೋಮಿಗೆ ಓದು ಬರಹ ಬರುತ್ತಿರಲಿಲ್ಲ. ಅಲ್ಲಿ ಗಾಯ ಕಟ್ಟಿ ಮದ್ದು ಕೊಡುವ ಡ್ರೆಸ್ಸರ್ ಶಾಂತಪ್ಪನಿಗೆ ಎರಡೂ ಬರುತ್ತಿದ್ದವು. ಬುದ್ಧಿಯೊಂದು ಬಿಟ್ಟು ಎಲ್ಲ ಇದೆ ಆತನಿಗೆ ಎಂದು ಅವಳು ಕೂಲಿ ಲೈನಿನ ಹೆಂಗಸರ ಮುಂದೆ ಮೂತಿ ತಿರುವುತ್ತಿದ್ದಳು.

ಕಾಂಪೌಂಡರ್ ಪರೀಕ್ಷೆಯಲ್ಲಿ ಎರಡು ಸಲ ನಪಾಸಾಗಿದ್ದ ಶಾಂತಪ್ಪ ಆ ವರ್ಷ ಗೋಡೆಗೆ ಹೊಟ್ಟೆಯ ಪಟವೊಂದನ್ನು ತೂಗುಹಾಕಿದ. ಸೋಮಿ ಕಡ್ಡಿ ಇಟ್ಟಲ್ಲಿ ಅವನು ಹೆಸರು ಹೇಳಬೇಕು, ರೋಗ ಒಪ್ಪಿಸಬೇಕು, ತಪ್ಪಿದರೆ ಪುಸ್ತಕ ತೆರೆದು ಗಟ್ಟಿಯಾಗಿ ಓದಬೇಕು. ಅನ್ನ ಎಲ್ಲಿ ಅರಗುತ್ತದೆ, ಪಿತ್ತ ಎಲ್ಲಿ ಸುರಿಯುತ್ತದೆ, ನೀರನ್ನು ಯಾವ ಕರುಳು ಹೀರುತ್ತದೆ, ಐದೇ ತಿಂಗಳಲ್ಲಿ ಅವಳಿಗೆ ಎಲ್ಲ ಬಾಯಿಪಾಠ. ಅವನಿಗೋ, ಯಕೃತ್ತು ಎಡಕ್ಕೋ ಬಲಕ್ಕೋ ಎಂಬುದೇ ಇತ್ಯರ್ಥವಾಗಿರಲಿಲ್ಲ.

ಕಾಫಿ ಹಣ್ಣು ಕೊಯ್ಯುವ ಪಿಕಿಂಗ್ ಕಾಲದಲ್ಲಿ ಮಲ್ಲನೆಂಬ ಆಳು ಹೊಟ್ಟೆ ಹಿಡಿದು ಬಂದ. ಹೊಕ್ಕುಳಲ್ಲಿ ಎದ್ದ ನೋವು ಬಲಗಡೆ ಕೆಳಹೊಟ್ಟೆಗೆ ಇಳಿದಿತ್ತು. ವಾಂತಿ ಬೇರೆ, ಮೈ ಸುಡುತ್ತಿತ್ತು. ಶಾಂತಪ್ಪ ಮುಟ್ಟಿಯೂ ನೋಡದೆ ಲೋಟಕ್ಕೆ ಹರಳೆಣ್ಣೆ ಬಗ್ಗಿಸಿದ.

"ಅಯ್ಯಾ, ಅಲ್ಲಿ ನೋವಿದ್ರೆ ಭೇದಿ ಮದ್ದು ಕೊಡಬಾರದು, ಕರುಳಿನ ಬಾಲ ಒಡೆದುಹೋಗುತ್ತೆ ಅಂತ ನಿನ್ನೆ ನೀವೇ ಒಪ್ಪಿಸಿದ್ರಲ್ಲ?"

"ಅದು ಪರೀಕ್ಷೆಗೆ ಕಣೇ! ಕುಡಿಸು."

ಸೋಮಿ ಲೋಟ ಒಯ್ದು ಚರಂಡಿಗೆ ಸುರಿದಳು. ಅವನು ಕೈ ಎತ್ತಿದ.

"ಹೊಡೀರಿ. ಆಮೇಲೆ ದೊರೆಗೆ ಹೆಣ ನೀವೇ ತೋರಿಸಿ."

ದೊರೆ ಎಂದದ್ದೇ ತಡ, ಎತ್ತಿದ ಕೈ ತಾನಾಗಿ ಇಳಿಯಿತು.

ಮಲ್ಲನ ಹೆಂಡತಿ ಜವರಿಯೂ ಸೋಮಿಯೂ ಎತ್ತಿನ ಗಾಡಿಯಲ್ಲಿ ಅವನನ್ನು ಮಲಗಿಸಿಕೊಂಡು ಮೂರ್ನಾಡಿನ ಮೇಲೆ ಮಡಿಕೇರಿಗೆ ಹೊರಟರು. ಗಾಡಿ ಕುಲುಕಿ ಮಲ್ಲ ಚೀರಿದಾಗಲೆಲ್ಲ ಸೋಮಿ ಪಟದ ಹೆಸರುಗಳನ್ನು ಮತ್ತೆ ಮೊದಲಿನಿಂದ ಒಪ್ಪಿಸಿಕೊಳ್ಳುತ್ತಿದ್ದಳು. ಆ ದಡ್ಡನ ಬಾಯಿಂದ ಕಲಿತ ಪಾಠ, ಸುಳ್ಳಾಗಿದ್ದರೆ?

ಸುಳ್ಳಾಗಲಿಲ್ಲ. ದೊಡ್ಡಾಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ಮಲ್ಲನನ್ನು ಉಳಿಸಿದರು. "ಇನ್ನೇನು ಒಡೆಯುತ್ತಿತ್ತು. ಭೇದಿ ಮದ್ದು ಕೊಡದೆ ಕಳಿಸಿದ ನಿಮ್ಮ ಡ್ರೆಸ್ಸರ್ ಜಾಣ" ಎಂದು ಡಾಕ್ಟರು ಹೊಗಳಿ ಚೀಟಿ ಬರೆದುಕೊಟ್ಟರು. ಸೋಮಿ ಬಾಯಿ ತೆರೆದಳು. ಡಾಕ್ಟರು ಆಗಲೇ ಎದ್ದು ಹೋಗಿದ್ದರು.

ಶಾಂತಪ್ಪ ನಾಚಿಕೆಯಿಲ್ಲದೆ ಆ ಚೀಟಿಗೆ ಗಾಜಿನ ಕಟ್ಟು ಹಾಕಿಸಿದ. ಅದರ ಬಲದಿಂದಲೋ, ಪರೀಕ್ಷೆ ಮಾಡುವವರಿಗೆ ಇವನ ಮುಖ ನೋಡಿ ಸಾಕಾಗಿತ್ತೋ, ಮೂರನೇ ಸಲ ಪಾಸೂ ಆದ. ಮರುದಿನವೇ ಬಾಯಿ ಜಾಸ್ತಿ ಎಂದು ಸೋಮಿಯನ್ನು ಕಳೆ ಕೀಳಲು ಅಟ್ಟಿದ.

ಅವಳು ಅಳಲಿಲ್ಲ. ಅಂದಿನಿಂದ ಲೈನಿನಲ್ಲಿ ಹೊಟ್ಟೆ ಹಿಡಿದವರೆಲ್ಲ ಮೊದಲು ಅವಳ ಬಾಗಿಲಿಗೆ ಬರುತ್ತಿದ್ದರು. ಅವಳು ಒತ್ತಿ ನೋಡುತ್ತಿದ್ದಳು, ಕೇಳುತ್ತಿದ್ದಳು. ಹೆದರುವಂಥದ್ದಿದ್ದರೆ ಮಡಿಕೇರಿಗೆ ಗಾಡಿ ಹತ್ತಿಸುತ್ತಿದ್ದಳು.

"ಇದು ಬರೀ ಅಜೀರ್ಣ," ಎನ್ನುತ್ತಿದ್ದಳು ಉಳಿದವರಿಗೆ. "ತೋಟದ ಆಸ್ಪತ್ರೆಗೇ ಹೋಗು. ಇಷ್ಟು ಆ ಶಾಂತಪ್ಪನಿಗೂ ಗೊತ್ತಾಗುತ್ತೆ."